ಕಥೆ ಹೇಳಿದ ಮುದ್ದಣ

ತುಂಗಭದ್ರಾ ನದಿಯ ದಂಡೆಯ ಮೇಲೆ ಹರಿಹರವೆಂಬ ಪುರಾತನವಾದ ಊರಿದೆ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು ಕಟ್ಟಿಸಿದನು. ಆ ಊರಿನ ಸ್ಥಳಪುರಾಣ ಬಹು ಸ್ವಾರಸ್ಯವಾಗಿದೆ. ಗುಹಾಸುರನೆಂಬ ರಾಕ್ಷಸನು ಬ್ರಹ್ಮನನ್ನು ಕುರಿತು ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ವರವನ್ನು ಪಡೆದನಂತೆ. ವರಬಲದಿಂದ ಕೊಬ್ಬಿದ ಅವನ ಉಪಟಳವನ್ನು ತಾಳಲಾರದೆ ದೇವತೆಗಳು ಮೊರೆಯಿಡಲು, ಹರಿಹರರಿಬ್ಬರೂ ಒಂದೇ ದೇಹವನ್ನು ತಾಳಿ ಬಂದು ಅವನನ್ನು ಸಂಹರಿಸಿದರಂತೆ. ಬಂದವನು ಹರಿಯೊಬ್ಬನೇ ಅಲ್ಲ, ಹರನೊಬ್ಬನೇ ಅಲ್ಲ. ಆದುದರಿಂದ ವರವೂ ಸುಳ್ಳಾಗಲಿಲ್ಲ, ರಾಕ್ಷಸನೂ ಉಳಿಯಲಿಲ್ಲ.

ಇಂಥ ಕಥೆಯನ್ನು ಕೇಳುವಾಗ, ರಾಕ್ಷಸನು ಪಡೆದ ವರದಲ್ಲಿ ಎಲ್ಲಿಯೋ ಒಂದು ಬಿರುಕು ಉಳಿದೇ ಇರುತ್ತದೆಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಹಿರಣ್ಯಕಶಿಪುವಿನ ಕಥೆಯಲ್ಲಿಯೂ ಹಾಗೆಯೇ, ಮಹಿಷಾಸುರನ ಕಥೆಯಲ್ಲಿಯೂ ಹಾಗೆಯೇ. ಅಜ್ಜಿಯರು ಹೇಳುವ ಕಥೆಗಳಿಗೂ ಇಂಥ ಕಟ್ಟುಪಾಡುಗಳುಂಟು. ರಾಜನಿಗೆ ಏಳು ಮಂದಿ ಮಕ್ಕಳಿದ್ದರೆ ಗೆದ್ದು ಬರುವವನು ಕಿರಿಯವನು. ಹೋಗಬೇಡವೆಂದು ಹೇಳಿದ ದಿಕ್ಕಿಗೇ ರಾಜಕುಮಾರನು ಹೋಗಬೇಕು. ರಾಕ್ಷಸನ ಪ್ರಾಣ ಏಳು ಸಮುದ್ರಗಳ ಆಚೆಯ ಗಿಳಿಯೊಂದರಲ್ಲಿ ಅಡಗಿರಬೇಕು. ಕಥೆ ಕೇಳುವವರಿಗೂ ಒಂದು ಕರ್ತವ್ಯವಿದೆ. ಅವರು ನಡುನಡುವೆ ‘ಹೂಂ’ ಎನ್ನುತ್ತಿರಬೇಕು. ಹೂಂಗುಟ್ಟುವುದು ನಿಂತಿತೆಂದರೆ ಕೇಳುವವರಿಗೆ ನಿದ್ದೆ ಬಂದಿತೆಂದು ಅರ್ಥ. ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಕಥೆಯೆಂಬುದು ಹೇಳುವವನೊಬ್ಬನ ಸೊತ್ತಲ್ಲ, ಕೇಳುವವನಿಗೂ ಅದರಲ್ಲಿ ಪಾಲಿದೆಯೆಂಬುದನ್ನು ನಮ್ಮ ಹಳ್ಳಿಯ ಜನ ಈ ರೀತಿಯಾಗಿ ಅರಿತಿದ್ದರು.

ಪುರಾಣಗಳಲ್ಲಿಯೂ ಹೇಳುವವನೊಬ್ಬ, ಕೇಳುವವನೊಬ್ಬ ಇದ್ದೇ ಇರುತ್ತಾರೆ. ನೈಮಿಷಾರಣ್ಯದಲ್ಲಿ ಸೂತನು ಹೇಳುತ್ತಾನೆ, ಶೌನಕಾದಿ ಮುನಿಗಳು ಕೇಳುತ್ತಾರೆ. ಜನಮೇಜಯನಿಗೆ ವೈಶಂಪಾಯನನು ಭಾರತವನ್ನು ಹೇಳುತ್ತಾನೆ. ಬೃಹತ್ಕಥೆಯ ಕಥೆಗಳನ್ನು ಮೊದಲು ಶಿವನು ಪಾರ್ವತಿಗೆ ಹೇಳಿದನೆಂದು ಪ್ರತೀತಿ. ಅರಬ್ಬೀ ಕಥೆಗಳಲ್ಲಿ ಶಹರ್ಜಾದೆಯೆಂಬ ಜಾಣೆ ಸಾವಿರದೊಂದು ರಾತ್ರಿ ದೊರೆಗೆ ಕಥೆ ಹೇಳಿ ತನ್ನ ಪ್ರಾಣವನ್ನು ಉಳಿಸಿಕೊಳ್ಳುತ್ತಾಳೆ. ಆದರೆ ಈ ಕೇಳುಗರಲ್ಲಿ ಹೆಚ್ಚಿನವರು ಮುಂದೇನಾಯಿತೆಂದು ವಿಚಾರಿಸುತ್ತಾರೆ, ಕೇಳಿ ಧನ್ಯರಾದೆವೆಂದು ಹೇಳುತ್ತಾರೆ. ಅಷ್ಟಕ್ಕೆ ಅವರ ಕೆಲಸ ಮುಗಿಯಿತು. ಈ ಕಥೆ ಬೇಡ, ಆ ಮಾತು ಅರ್ಥವಾಗಲಿಲ್ಲ, ವರ್ಣನೆ ಇನ್ನು ಸಾಕು ಎಂದು ಹೇಳುವ ಸಲಿಗೆ ಅವರಿಗಿಲ್ಲ. ಆ ಸಲಿಗೆಯನ್ನು ಕೇಳುಗರಿಗೆ ಕೊಟ್ಟು, ಕಥೆಯ ಕಟ್ಟುಪಾಡುಗಳನ್ನು ಕುರಿತೇ ನಗೆಯಾಡಿ, ಆ ನಗೆಯಿಂದ ಕಥೆಯ ಸೊಗಸನ್ನು ಹೆಚ್ಚಿಸಿದ ಕವಿಯೊಬ್ಬರು ಕನ್ನಡದಲ್ಲಿ ಆಗಿಹೋದರು. ಅವರೇ ಮುದ್ದಣನೆಂದು ಪ್ರಸಿದ್ಧರಾದ ನಂದಳಿಕೆ ಲಕ್ಷ್ಮೀನಾರಣಪ್ಪನವರು.

ಲಕ್ಷ್ಮೀನಾರಣಪ್ಪನವರು 1870ನೆಯ ಇಸವಿ ಜನವರಿ 24ರಂದು ನಂದಳಿಕೆಯಲ್ಲಿ ಜನಿಸಿದರು. ಆ ಊರು ಈಗ ಉಡುಪಿ ಜಿಲ್ಲೆಗೆ ಸೇರಿದೆ. ಆಗ ಅದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ತಂದೆ ಪಾಠಾಳಿ ತಿಮ್ಮಪ್ಪಯ್ಯನವರು, ತಾಯಿ ಮಹಾಲಕ್ಷ್ಮಿಯವರು. ಮನೆಯಲ್ಲಿ ಪ್ರೀತಿಯಿಂದ ಕರೆಯುತ್ತಿದ್ದ ‘ಮುದ್ದಣ’ ಎಂಬ ಹೆಸರೇ ಮುಂದೆ ಅವರಿಗೆ ಕಾವ್ಯನಾಮವಾಯಿತು. ಮನೆತನ ಬಡತನದ್ದು. ಆದರೆ ಸುತ್ತಲಿನ ನಾಡು ಕಥೆಗಳ ಸಂಪತ್ತಿನಿಂದ ತುಂಬಿತ್ತು. ತುಳುನಾಡಿನಲ್ಲಿ ಬೆಳೆ ಕೊಯ್ದಾದ ಮೇಲೆ ರಾತ್ರಿಯಿಡೀ ಯಕ್ಷಗಾನದ ಆಟಗಳು ನಡೆಯುತ್ತಿದ್ದವು. ಭಾಗವತರು ಹಾಡಿದ ಪದಕ್ಕೆ ವೇಷಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತುಗಳಿಂದ ಅರ್ಥ ಹೇಳುವುದು ಆ ಕಲೆಯ ವೈಶಿಷ್ಟ್ಯ. ರಾಮನೂ ರಾವಣನೂ ರಂಗದ ಮೇಲೆ ವಾದಿಸುವಾಗ ಕಥೆಯ ಮುಕ್ತಾಯವೇನೆಂಬುದು ಪ್ರೇಕ್ಷಕರಿಗೆಲ್ಲ ಗೊತ್ತಿರುತ್ತದೆ. ಆದರೂ ಇಂದಿನ ಮಾತು ಹೇಗೆ ಬರುವುದೋ ಎಂಬ ಕುತೂಹಲದಿಂದ ಅವರು ಬೆಳಗಿನವರೆಗೆ ಕುಳಿತಿರುತ್ತಾರೆ. ತಿಳಿದ ಕಥೆಯನ್ನು ಹೊಸ ಮಾತಿನಿಂದ ಹೊಸದಾಗಿಸುವ ವಿದ್ಯೆಗೆ ಇಂಥ ನಾಡಿನಲ್ಲಿ ಒಳ್ಳೆಯ ನೆಲೆಯಿತ್ತು.

ಅವರ ವಿದ್ಯಾಭ್ಯಾಸ ಬಹು ದೂರ ಸಾಗಲಿಲ್ಲ. ಉಪಾಧ್ಯಾಯ ವೃತ್ತಿಗೆ ಸೇರಬೇಕೆಂದು ಅವರು ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದಲ್ಲಿ ತರಬೇತಿ ಪಡೆದರು. ಅಲ್ಲಿಂದ ಹಿಂದಿರುಗಿ ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದರು; ಅನಂತರ ಉಡುಪಿಯಲ್ಲಿ ಕನ್ನಡದ ಉಪಾಧ್ಯಾಯರಾದರು. ಹಗಲಿನಲ್ಲಿ ಶಾಲೆಯ ಬಯಲಿನಲ್ಲಿ ಹುಡುಗರಿಂದ ಕವಾಯತು ಮಾಡಿಸುತ್ತಿದ್ದ ಈ ತರುಣರು, ಬಿಡುವು ದೊರೆತಾಗಲೆಲ್ಲ ಹಳಗನ್ನಡದ ಕಾವ್ಯಗಳನ್ನೂ ವ್ಯಾಕರಣವನ್ನೂ ಓದಿ ಮನನ ಮಾಡುತ್ತಿದ್ದರು. ಯಾವ ಕಾಲೇಜಿನಲ್ಲಿಯೂ ಓದದೆ, ಪದವಿಯ ಹಂಬಲವಿಲ್ಲದೆ, ನೂರಾರು ವರ್ಷಗಳ ಹಿಂದಿನ ಕನ್ನಡವನ್ನು ಮಾತೃಭಾಷೆಯಂತೆ ಲೀಲಾಜಾಲವಾಗಿ ಬರೆಯಬಲ್ಲ ಶಕ್ತಿಯನ್ನು ಅವರು ಸಂಪಾದಿಸಿಕೊಂಡರು. ಮೊದಲು ಅವರು ಬರೆದುದು ಯಕ್ಷಗಾನ ಪ್ರಸಂಗಗಳನ್ನು. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಪ್ರಸಂಗಗಳು ಅವರ ಹೆಸರಿನಲ್ಲಿವೆ. 1893ರಲ್ಲಿ ಶಿವಮೊಗ್ಗ ಸೀಮೆಯ ಕಮಲಾಬಾಯಿಯವರೊಡನೆ ಅವರ ವಿವಾಹ ನಡೆಯಿತು.

ವಿವಾಹವಾದ ಮೇಲಿನ ಏಳೆಂಟು ವರ್ಷಗಳೇ ಅವರ ಸಾಹಿತ್ಯ ಜೀವನದ ಮುಖ್ಯ ಕಾಲ. ಆ ಅವಧಿಯಲ್ಲಿ ಅವರು ರಚಿಸಿದ ಕೃತಿಗಳು ಮೂರು. ಅವುಗಳಲ್ಲಿ ಮೊದಲನೆಯದು ‘ಅದ್ಭುತ ರಾಮಾಯಣ’ವೆಂಬ ಗದ್ಯಕಾವ್ಯ. ಅದರ ಕಥಾವಸ್ತುವೇ ವಿಚಿತ್ರವಾದುದು. ರಾವಣನನ್ನು ಕೊಂದು ಬಂದ ಶ್ರೀರಾಮನನ್ನು ಋಷಿಗಳು ಕೊಂಡಾಡುತ್ತಿರುವಾಗ ಸೀತೆ ನಕ್ಕುಬಿಡುತ್ತಾಳೆ. ಹತ್ತು ತಲೆಯ ರಾವಣನನ್ನು ಕೊಂದುದು ಏನು ಮಹಾ ಸಾಹಸ, ಪುಷ್ಕರ ದ್ವೀಪದಲ್ಲಿ ಸಾವಿರ ತಲೆಯ ರಾವಣನೊಬ್ಬನಿರುವನಲ್ಲ ಎಂಬುದು ಅವಳ ಮಾತಿನ ಭಾವ. ರಾಮನು ಸೈನ್ಯದೊಡನೆ ಅಲ್ಲಿಗೆ ಹೋಗಿ ಯುದ್ಧಮಾಡಿ ಮೂರ್ಛೆಹೋಗುತ್ತಾನೆ. ಆಗ ಸೀತೆಯೇ ಉಗ್ರರೂಪವನ್ನು ತಾಳಿ ಆ ರಾಕ್ಷಸನನ್ನು ಸಂಹರಿಸುತ್ತಾಳೆ. ಇದು ಕವಿಯ ಸ್ವಂತ ಕಲ್ಪನೆಯಲ್ಲ; ಸಂಸ್ಕೃತದಲ್ಲಿ ಇದೇ ಹೆಸರಿನ ಹಳೆಯ ಗ್ರಂಥವೊಂದಿದೆ. ಆದರೆ ಅಸಂಖ್ಯ ರಾಮಕಥೆಗಳ ನಡುವೆ ಇದನ್ನೇ ಅವರು ಆರಿಸಿಕೊಂಡರೆಂಬುದು ಗಮನಿಸತಕ್ಕ ವಿಷಯ. ವೀರನು ರಾಜಕುಮಾರಿಯನ್ನು ಕಾಪಾಡುವುದು ಕಥೆಗಳ ವಾಡಿಕೆ. ಇಲ್ಲಿ ರಾಜಪುತ್ರಿಯೇ ವೀರನನ್ನು ಕಾಪಾಡುತ್ತಾಳೆ.

‘ಅದ್ಭುತ ರಾಮಾಯಣ’ವು 1895ರಲ್ಲಿ ಮೈಸೂರಿನ ‘ಕಾವ್ಯಮಂಜರಿ’ಯಲ್ಲಿ ಪ್ರಕಟವಾಯಿತು. ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ನಡೆಸುತ್ತಿದ್ದ ಆ ಪತ್ರಿಕೆಯ ಉದ್ದೇಶ, ಓಲೆಗರಿಗಳಲ್ಲಿ ಅಡಗಿದ್ದ ಪ್ರಾಚೀನ ಕನ್ನಡ ಕಾವ್ಯಗಳನ್ನು ಅಚ್ಚುಮಾಡಿ ಉಳಿಸುವುದು. ಲಕ್ಷ್ಮೀನಾರಣಪ್ಪನವರು ಇದು ತಮ್ಮ ರಚನೆಯೆಂದು ಹೇಳಿಕೊಳ್ಳದೆ, ಯಾರೋ ಹಿಂದಿನ ಕವಿಯ ಗ್ರಂಥವೆಂಬ ಭಾವನೆ ಬರುವಂತೆ ಅದನ್ನು ಕಳುಹಿಸಿದರು. ಮರುವರ್ಷ ವಾರ್ಧಕ ಷಟ್ಪದಿಯಲ್ಲಿರುವ ‘ಶ್ರೀರಾಮ ಪಟ್ಟಾಭಿಷೇಕ’ವು ಬೆಳಕಿಗೆ ಬಂದಿತು. ಅದರ ಕರ್ತೃವಿನ ಹೆಸರು ಮಹಾಲಕ್ಷ್ಮಿ ಎಂದಿತ್ತು. ಅದು ಅವರ ತಾಯಿಯ ಹೆಸರೆಂಬುದನ್ನು ಓದುಗರು ಹೇಗೆ ತಾನೆ ಅರಿತಾರು? ಕೊನೆಯ ಕೃತಿಯಾದ ‘ಶ್ರೀರಾಮಾಶ್ವಮೇಧ’ದಲ್ಲಿ ಅವರು ಮುದ್ದಣನೆಂಬ ಹೆಸರಿನ ಮರೆಯಲ್ಲಿ ನಿಂತರು.

ಅವರು ಹೀಗೇಕೆ ಮರೆಯಾಗಿ ಉಳಿದರು? ಸಂಕೋಚ ಸ್ವಭಾವ ಒಂದು ಕಾರಣವಾಗಿರಬಹುದು. ಇನ್ನೊಂದು ಕಾರಣವನ್ನು ಆ ಕಾಲದ ಸ್ಥಿತಿಯಲ್ಲಿಯೇ ಕಾಣಬಹುದು. ಆಗ ಹಳೆಯ ಕಾವ್ಯಕ್ಕೆ ವಿದ್ವಾಂಸರ ಮನ್ನಣೆಯಿತ್ತು. ಕರಾವಳಿಯ ಬಡ ಉಪಾಧ್ಯಾಯನೊಬ್ಬನು ನಿನ್ನೆ ಮೊನ್ನೆ ಬರೆದ ಗದ್ಯವನ್ನು ಅಷ್ಟೇ ಆದರದಿಂದ ಓದುವವರು ವಿರಳವಾಗಿದ್ದರು. ತಮ್ಮ ಬರಹಕ್ಕೆ ಓದುಗರು ದೊರೆಯಬೇಕಾದರೆ ತಾವು ಮರೆಯಾಗಬೇಕು. ಲಕ್ಷ್ಮೀನಾರಣಪ್ಪನವರು ಕೀರ್ತಿಯನ್ನು ಬಿಟ್ಟುಕೊಟ್ಟು ಓದುಗರನ್ನು ಆರಿಸಿಕೊಂಡರು.

ಹಳೆಯ ಹಸ್ತಪ್ರತಿಯೊಂದು ಸಿಕ್ಕಿತೆಂದು ಹೇಳಿ ಕಥೆಯನ್ನು ಆರಂಭಿಸುವುದು ಲೋಕದ ಬೇರೆ ಸಾಹಿತ್ಯಗಳಲ್ಲಿಯೂ ಉಂಟು. ಸ್ಪೇನ್ ದೇಶದ ಸರ್ವಾಂಟಿಸನು 1605ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಲ್ಲಿ, ಇದು ಅರಬ್ಬೀ ಚರಿತ್ರೆಕಾರನೊಬ್ಬನ ಬರಹವೆಂದೂ ತಾನು ಅದನ್ನು ಲೋಕಕ್ಕೆ ಒಪ್ಪಿಸುತ್ತಿರುವವನು ಮಾತ್ರವೆಂದೂ ನಗುತ್ತ ಹೇಳುತ್ತಾನೆ. ಅಮೆರಿಕದ ವಿಲಿಯಂ ಗೋಲ್ಡ್‌ಮನ್ ಎಂಬ ಲೇಖಕನು 1973ರಲ್ಲಿ ‘ದಿ ಪ್ರಿನ್ಸೆಸ್ ಬ್ರೈಡ್’ ಎಂಬ ವಿನೋದಮಯವಾದ ಅದ್ಭುತ ಕಥೆಯನ್ನು ಬರೆದನು. ರಾಜಕುಮಾರ, ಕಡಲ್ಗಳ್ಳ, ದೈತ್ಯ, ಮಾಂತ್ರಿಕ ಎಲ್ಲರೂ ಅದರಲ್ಲಿದ್ದಾರೆ. ತಾನು ಹಳೆಯ ಗ್ರಂಥಕರ್ತನೊಬ್ಬನ ದೊಡ್ಡ ಪುಸ್ತಕದಿಂದ ಬೇಸರದ ಭಾಗಗಳನ್ನು ತೆಗೆದು ಒಳ್ಳೆಯ ಭಾಗಗಳನ್ನು ಉಳಿಸಿದ್ದೇನೆಂದು ಅವನು ನಟಿಸುತ್ತಾನೆ; ನಡುನಡುವೆ ಕಥೆಯನ್ನು ನಿಲ್ಲಿಸಿ ತನ್ನ ಮಾತನ್ನೂ ಸೇರಿಸುತ್ತಾನೆ. ಆ ಹಳೆಯ ಗ್ರಂಥಕರ್ತನೇ ಕಲ್ಪಿತನು. ಉಡುಪಿಯ ಉಪಾಧ್ಯಾಯರು ಗೋಲ್ಡ್‌ಮನ್ನನಿಗಿಂತ ಮುಕ್ಕಾಲು ಶತಮಾನದಷ್ಟು ಮೊದಲೇ, ತಮ್ಮ ನೆಲದ ಸಂಪ್ರದಾಯದಿಂದಲೇ, ಇಂಥ ಒಂದು ಆಟವನ್ನು ಹೂಡಿದ್ದರು.

ಆ ಆಟದ ಪೂರ್ಣ ಸೊಬಗನ್ನು ‘ಶ್ರೀರಾಮಾಶ್ವಮೇಧ’ದಲ್ಲಿ ಕಾಣಬಹುದು. ಪದ್ಮಪುರಾಣದ ಪಾತಾಳಖಂಡದಲ್ಲಿ ಬರುವ ಕಥೆ ಇದಕ್ಕೆ ಆಧಾರ. ಅಲ್ಲಿ ಆ ಕಥೆಯನ್ನು ಆದಿಶೇಷನು ವಾತ್ಸ್ಯಾಯನ ಮುನಿಗೆ ಹೇಳುತ್ತಾನೆ. ನಮ್ಮ ಕವಿಯು ಆದಿಶೇಷನನ್ನೂ ಮುನಿಯನ್ನೂ ಬೀಳ್ಕೊಟ್ಟು, ಆ ಸ್ಥಾನದಲ್ಲಿ ಗಂಡಹೆಂಡಿರನ್ನು ತಂದು ಕೂರಿಸಿದರು. ಗಂಡನ ಹೆಸರು ಮುದ್ದಣ, ಹೆಂಡತಿಯ ಹೆಸರು ಮನೋರಮೆ. ಕಾಲ ಮಳೆಗಾಲ. ಕರಾವಳಿಯ ಮಳೆಗಾಲವೆಂದರೆ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಕಥೆ ಹೇಳುವುದಕ್ಕೆ ಅದಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ. ಅರಮನೆಯಿಂದ ಮನೆಗೆ ಮರಳಿದ ಪತಿಯನ್ನು ಮನೋರಮೆಯು ಆದರದಿಂದ ಉಪಚರಿಸಿ, ಬೇಸರ ಕಳೆಯುವಂತೆ ಒಂದು ಒಳ್ಳೆಯ ಕಥೆಯನ್ನು ಹೇಳಬೇಕೆಂದು ಕೇಳುತ್ತಾಳೆ. ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತಿದ್ದ ಉಪಾಧ್ಯಾಯರು ತಮ್ಮ ಕಥೆಯೊಳಗಿನ ಮುದ್ದಣನಿಗೆ ಅರಮನೆಯ ಆಶ್ರಯವನ್ನು ಒದಗಿಸಿದುದನ್ನು ಕಂಡು ಯಾರಿಗಾದರೂ ಮುಗುಳ್ನಗೆ ಬಾರದಿರದು.

ಕಥೆ ಇನ್ನು ಆರಂಭವಾಗಬೇಕು. ಆದರೆ ಅದಕ್ಕೆ ಮೊದಲೇ ಆಕ್ಷೇಪಗಳು ಆರಂಭವಾಗುತ್ತವೆ. ಯಾವ ಕಥೆಯೆಂಬುದು ಮೊದಲನೆಯ ಪ್ರಶ್ನೆ. ಅದನ್ನು ಆರಿಸುವ ಅಧಿಕಾರ ಕವಿಯದಲ್ಲ, ಮನೋರಮೆಯದು. ಕಥೆ ಗೊತ್ತಾದ ಮೇಲೆ ಅದನ್ನು ಪದ್ಯದಲ್ಲಿ ಹೇಳಬೇಕೋ ಗದ್ಯದಲ್ಲಿ ಹೇಳಬೇಕೋ ಎಂಬ ಚರ್ಚೆ. ಪದ್ಯ ತಲೆಗೆ ಭಾರ, ಗದ್ಯವೇ ಮನಸ್ಸಿಗೆ ಹಿತ ಎಂದು ಅವಳು ತೀರ್ಪು ಕೊಡುತ್ತಾಳೆ. ಹಿಂದಿನ ಕಾವ್ಯಗಳಲ್ಲಿ ಬಹುಪಾಲು ಪದ್ಯರೂಪದಲ್ಲಿಯೇ ಇದ್ದ ಭಾಷೆಯಲ್ಲಿ ಇದು ಸಾಮಾನ್ಯವಾದ ತೀರ್ಪಲ್ಲ. ಸರಿಯೆಂದು ಒಪ್ಪಿಕೊಂಡ ಮುದ್ದಣನು ಉದ್ದುದ್ದವಾದ ಸಂಸ್ಕೃತ ಸಮಾಸಗಳಿಂದ ಗಂಭೀರವಾಗಿ ಕಥೆಯನ್ನು ತೊಡಗುತ್ತಾನೆ. ಮನೋರಮೆ ಒಡನೆಯೇ ತಡೆಯುತ್ತಾಳೆ. ಗಂಟಲಲ್ಲಿ ಇಳಿಯದ ತಿಂಡಿಯಂಥ ಈ ಮಾತು ತನಗೆ ಬೇಡ, ತಿಳಿಗನ್ನಡದಲ್ಲಿ ಹೇಳಬೇಕು ಎಂಬುದು ಅವಳ ಹಟ. ಹಾಗಾದರೆ ಸಂಸ್ಕೃತವೇ ಬೇಡವೆ ಎಂದು ಅವನು ವಾದಿಸುತ್ತಾನೆ. ಕೊನೆಗೆ ಎರಡು ಭಾಷೆಗಳೂ ಹದವಾಗಿ ಬೆರೆತಿರಬೇಕೆಂಬ ಒಪ್ಪಂದಕ್ಕೆ ಇಬ್ಬರೂ ಬರುತ್ತಾರೆ. ಇಷ್ಟರ ಮೇಲೆ ಕಥೆ ಹೇಳಿದ ಕವಿಗೆ ಬಹುಮಾನವೇನೆಂಬ ವಿಚಾರ ಬೇರೆ ಉಂಟು. ಹಿಂದಿನ ಕವಿಗಳಿಗೆ ಅರಸರು ಅಗ್ರಹಾರಗಳನ್ನೂ ಆನೆ ಕುದುರೆಗಳನ್ನೂ ಕೊಡುತ್ತಿದ್ದರು. ಮನೆಯ ಹೆಂಡತಿ ಏನನ್ನು ಕೊಟ್ಟಾಳು? ಆ ಮಾತು ನಗೆಯಲ್ಲಿ ಪರ್ಯವಸಾನವಾಗುತ್ತದೆ.

ಈ ಸಲ್ಲಾಪವನ್ನು ಬರಿಯ ಹಾಸ್ಯವೆಂದು ತಿಳಿಯಬಾರದು. ಕಾವ್ಯದ ಆರಂಭದಲ್ಲಿ ಕವಿಯು ತನ್ನ ಕಾವ್ಯಮಾರ್ಗವನ್ನು ವಿವರಿಸಬೇಕೆಂಬುದು ಹಳೆಯ ಸಂಪ್ರದಾಯ. ಪ್ರಾಚೀನ ಕವಿಗಳು ದೇವತಾಸ್ತುತಿ ಮಾಡಿ, ಪೂರ್ವಕವಿಗಳನ್ನು ನೆನೆದು, ಆಶ್ರಯದಾತನನ್ನು ಹೊಗಳಿ, ತಮ್ಮ ಶೈಲಿ ಎಂಥದೆಂದು ಹೇಳುತ್ತಿದ್ದರು. ಮುದ್ದಣನೂ ಆ ಕೆಲಸವನ್ನೇ ಮಾಡಿದ್ದಾನೆ. ಗದ್ಯವೇಕೆ, ಭಾಷೆ ಹೇಗಿರಬೇಕು, ಕೇಳುವವರು ಯಾರು ಎಂಬ ಮೂರು ಗಹನವಾದ ಪ್ರಶ್ನೆಗಳನ್ನು ಅವನು ಎತ್ತಿದ್ದಾನೆ. ಆದರೆ ಸಭಾಮಂಟಪದಲ್ಲಿ ನಡೆಯಬೇಕಾದ ವಿಚಾರ ಇಲ್ಲಿ ಮನೆಯ ಒಳಗೆ, ತಾಂಬೂಲದ ತಟ್ಟೆಯ ಪಕ್ಕದಲ್ಲಿ ನಡೆಯುತ್ತದೆ. ಪಂಡಿತರು ಕೊಡಬೇಕಾದ ತೀರ್ಪನ್ನು ಗೃಹಿಣಿಯೊಬ್ಬಳು ಕೊಡುತ್ತಾಳೆ. ಹೆಣ್ಣುಮಕ್ಕಳು ಓದು ಕಲಿಯುವುದೇ ಅಪೂರ್ವವಾಗಿದ್ದ ಆ ಕಾಲದಲ್ಲಿ, ಸಾಹಿತ್ಯದ ಗುಣದೋಷಗಳನ್ನು ಹೆಣ್ಣಿನ ಬಾಯಿಂದ ಹೇಳಿಸಿದುದು ಸಾಮಾನ್ಯ ಸಂಗತಿಯಲ್ಲ. ಮನೋರಮೆಯ ಮಾತುಗಳ ಹಿಂದೆ ಕಮಲಾಬಾಯಿಯವರ ನೆರಳಿದೆಯೆಂದು ಊಹಿಸುವವರುಂಟು. ಅದು ನಿಜವಿರಲಿ ಇಲ್ಲದಿರಲಿ, ಜಾಣೆಯಾದ ಕೇಳುಗಳೊಬ್ಬಳು ಎದುರಿಗಿದ್ದರೆ ಹೇಳುವವನ ಮಾತು ಎಷ್ಟು ಚುರುಕಾಗುವುದೆಂಬುದನ್ನು ಕವಿಯು ಚೆನ್ನಾಗಿ ಅರಿತಿದ್ದರು.

ಮುಖ್ಯ ಕಥೆ ಯಜ್ಞದ ಕುದುರೆಯದು. ರಾವಣವಧೆಯಿಂದ ತನಗೆ ಬ್ರಹ್ಮಹತ್ಯಾದೋಷ ಬಂದಿತೆಂದು ಚಿಂತಿಸಿದ ಶ್ರೀರಾಮನು ಅಗಸ್ತ್ಯಮುನಿಯ ಸಲಹೆಯಂತೆ ಅಶ್ವಮೇಧ ಯಾಗವನ್ನು ಕೈಕೊಳ್ಳುತ್ತಾನೆ. ಯಜ್ಞಾಶ್ವವು ಮನಬಂದ ಕಡೆಗೆ ಹೋಗುತ್ತದೆ. ಶತ್ರುಘ್ನನೂ ಭರತನ ಮಗನಾದ ಪುಷ್ಕಲನೂ ಸೈನ್ಯದೊಡನೆ ಅದರ ಬೆನ್ನಿಗೆ ಹೋಗುತ್ತಾರೆ. ಕುದುರೆಯನ್ನು ಯಾರು ಕಟ್ಟುವರೋ ಅವರೊಡನೆ ಯುದ್ಧ. ಕುದುರೆ ನಡೆದಷ್ಟು ದೂರ ಕಥೆಯೂ ನಡೆಯುತ್ತದೆ. ಹೊಸ ರಾಜ್ಯ, ಹೊಸ ವೀರ, ಹೊಸ ಮಾಯೆ. ಕಥೆಗಾರನಿಗೆ ಇಂಥ ಕುದುರೆಗಿಂತ ಒಳ್ಳೆಯ ಅನುಕೂಲ ಬೇರೇನಿದೆ? ಒಂದರ ಮೇಲೊಂದು ಯುದ್ಧಗಳ ವರ್ಣನೆ ಬಂದು ಮನಸ್ಸು ದಣಿಯುವ ಹೊತ್ತಿಗೆ ಮುದ್ದಣ ಮನೋರಮೆಯರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಅವರ ಸರಸದ ಮಾತು ಕೇಳಿ ದಣಿವಾರಿಸಿಕೊಂಡ ಓದುಗನು ಹೊಸ ಉತ್ಸಾಹದಿಂದ ಮುಂದಿನ ಭಾಗಕ್ಕೆ ಸಾಗುತ್ತಾನೆ.

ಆದರೆ ಈ ಕಥೆಯೊಳಗೆ ನಗುವಿಗೆ ನಿಲುಕದ ದುಃಖವೂ ಒಂದಿದೆ. ಲೋಕಾಪವಾದಕ್ಕೆ ಅಂಜಿ ಶ್ರೀರಾಮನು ತುಂಬು ಗರ್ಭಿಣಿಯಾದ ಸೀತೆಯನ್ನು ಕಾಡಿಗೆ ಕಳುಹಿಸಿದ ಸಂಗತಿಯೇ ಅದು. ಮುನಿಯು ಮುನಿಗೆ ಇದನ್ನು ಹೇಳಿದರೆ ಅದು ಧರ್ಮಸೂಕ್ಷ್ಮದ ವಿಚಾರವಾಗಿ ಉಳಿಯುತ್ತದೆ. ಗಂಡನೊಬ್ಬನು ಹೆಂಡತಿಯ ಎದುರಿನಲ್ಲಿ ಇದನ್ನು ಹೇಳಬೇಕಾಗಿ ಬಂದರೆ, ಪ್ರತಿ ಮಾತಿಗೂ ಬೇರೆಯ ತೂಕ ಬರುತ್ತದೆ. ಕೇಳುವವಳನ್ನು ಬದಲಾಯಿಸಿದ ಮಾತ್ರದಿಂದಲೇ ಕವಿಯು ಕಥೆಯ ಅರ್ಥವನ್ನು ಬದಲಾಯಿಸಿದರು. ಕಥೆಯನ್ನು ಯಾರು ಹೇಳುತ್ತಾರೆಂಬುದು ಎಷ್ಟು ಮುಖ್ಯವೋ, ಯಾರಿಗೆ ಹೇಳುತ್ತಾರೆಂಬುದೂ ಅಷ್ಟೇ ಮುಖ್ಯವೆಂಬ ತತ್ತ್ವವನ್ನು ‘ಶ್ರೀರಾಮಾಶ್ವಮೇಧ’ದಿಂದ ನಾವು ಕಲಿಯಬಹುದು. ಲವಕುಶರು ಕುದುರೆಯನ್ನು ಕಟ್ಟಿ, ಅಗಲಿದ ಕುಟುಂಬ ಮತ್ತೆ ಕೂಡುವ ಕಡೆಗೆ ಕಥೆ ಸಾಗಿದಾಗ, ಸುಖಾಂತವೆಂಬುದು ವಾಡಿಕೆಯ ಮುಕ್ತಾಯವಾಗಿ ತೋರದೆ ಕೇಳುವವರ ಮನಸ್ಸಿಗೆ ಸಲ್ಲಬೇಕಾದ ಸಮಾಧಾನವಾಗಿ ತೋರುತ್ತದೆ.

ಮುದ್ದಣನು ಪುರಾಣವನ್ನು ಹಾಸ್ಯ ಮಾಡಿದನೆಂದು ಹೇಳಿದರೆ ತಪ್ಪಾದೀತು. ರಾಮಕಥೆಯಲ್ಲಿ ಅವನಿಗೆ ಅಚಲವಾದ ಭಕ್ತಿಯಿತ್ತು. ಅವನ ಮೂರು ಕೃತಿಗಳೂ ರಾಮನನ್ನು ಕುರಿತವೇ. ಅವನು ನಕ್ಕದ್ದು ಕಥೆ ಹೇಳುವವರ ಆಡಂಬರವನ್ನು ಕಂಡು. ಹರಿಹರದ ವಿಗ್ರಹದಲ್ಲಿ ಒಂದು ಪಾರ್ಶ್ವ ಹರನದು, ಇನ್ನೊಂದು ಪಾರ್ಶ್ವ ಹರಿಯದು. ಎರಡೂ ಕೂಡಿ ಒಂದೇ ಮೂರ್ತಿ. ಮುದ್ದಣನ ಗದ್ಯದಲ್ಲಿಯೂ ಭಕ್ತಿ ಒಂದು ಕಡೆ, ವಿನೋದ ಇನ್ನೊಂದು ಕಡೆ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಹಾಗೆಯೇ ಅವನ ಭಾಷೆ ಹಳೆಯದು, ಅವನ ಮನೋಧರ್ಮ ಹೊಸದು. ಹಳಗನ್ನಡದ ಉಡುಪಿನಲ್ಲಿ ಬಂದ ಹೊಸ ಕಾಲದ ಮನುಷ್ಯ ಅವನು.

ಇಂಥ ಸಂತೋಷದ ಪುಸ್ತಕವನ್ನು ಬರೆದವರ ಜೀವನ ಸಂತೋಷದಿಂದ ಕೂಡಿರಲಿಲ್ಲ. ದೇಹಸಾಧನೆಯನ್ನು ಕಲಿಸುತ್ತಿದ್ದ ಲಕ್ಷ್ಮೀನಾರಣಪ್ಪನವರ ದೇಹಕ್ಕೆ ಕ್ಷಯರೋಗ ತಗಲಿತು. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಅದನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಕಂಡುಹಿಡಿಯಲ್ಪಟ್ಟುದು 1943ರಲ್ಲಿ. ಬಡತನದಲ್ಲಿ ತಕ್ಕ ಆಹಾರ, ವಿಶ್ರಾಂತಿಗಳೂ ದುರ್ಲಭವಾಗಿದ್ದವು. ಮೈಸೂರಿನ ‘ಕಾವ್ಯಕಲಾನಿಧಿ’ಯು ‘ಶ್ರೀರಾಮಾಶ್ವಮೇಧ’ವನ್ನು ಬೆಳಕಿಗೆ ತರುತ್ತಿದ್ದ ದಿನಗಳಲ್ಲಿಯೇ ಅವರ ಆಯುಸ್ಸು ಕ್ಷೀಣಿಸುತ್ತ ಬಂದಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಅವರು ಕಾಲವಾದರು. ಪತ್ನಿಯನ್ನೂ ಎಳೆಯ ಮಗನನ್ನೂ ಅಗಲಿ ಅವರು ಹೊರಟಾಗ, ಕನ್ನಡದ ಶ್ರೇಷ್ಠ ಗದ್ಯಕಾರರೊಬ್ಬರು ತೀರಿಕೊಂಡರೆಂಬುದನ್ನು ನಾಡಿನ ಬಹು ಮಂದಿ ಅರಿಯರು. ಮುದ್ದಣನೆಂಬುವನು ಯಾವ ಕಾಲದ ಕವಿ, ಯಾವ ಊರಿನವನೆಂಬುದೇ ಜನರಿಗೆ ತಿಳಿದಿರಲಿಲ್ಲ. ತಾವೇ ಹೂಡಿದ ಆಟದಲ್ಲಿ ಅವರು ಅಷ್ಟರಮಟ್ಟಿಗೆ ಗೆದ್ದಿದ್ದರು. ಆ ಗೆಲುವಿನ ಬೆಲೆಯಾಗಿ ಜೀವಿತ ಕಾಲದಲ್ಲಿ ಸಲ್ಲಬೇಕಾದ ಮನ್ನಣೆಯನ್ನು ಕಳೆದುಕೊಂಡಿದ್ದರು.

ಕಾಲಕ್ರಮದಲ್ಲಿ ವಿದ್ವಾಂಸರ ವಿಚಾರಣೆಯಿಂದ ಸತ್ಯ ಹೊರಬಂದಿತು. ಓಲೆಗರಿಯ ಕಾಲದ ಕವಿಯೆಂದು ತಿಳಿದಿದ್ದವರು ಇತ್ತೀಚಿನವರೇ ಆದ ಉಡುಪಿಯ ಉಪಾಧ್ಯಾಯರೆಂಬುದು ಗೊತ್ತಾದಾಗ ಕನ್ನಡಿಗರ ಆಶ್ಚರ್ಯಕ್ಕೆ ಪಾರವಿರಲಿಲ್ಲ. ಅವರನ್ನು ಹೊಸಗನ್ನಡದ ಮುಂಗೋಳಿಯೆಂದು ವಿಮರ್ಶಕರು ಕರೆದರು. ಬೆಳಗಾಗುವುದಕ್ಕೆ ಮೊದ‌ಲು ಕೂಗುವ ಕೋಳಿ ಬೆಳಕನ್ನು ಕಾಣುವ ಮೊದಲೇ ಅದರ ಸುಳಿವನ್ನು ಕೊಡುತ್ತದೆ. ಅದೇ ಜಿಲ್ಲೆಯಲ್ಲಿ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಎಂಬ ಸಾಮಾಜಿಕ ಕಾದಂಬರಿ ಪ್ರಕಟವಾಯಿತು. ಒಬ್ಬರು ಹೊಸ ಕಥೆಯನ್ನು ಹೊಸ ಭಾಷೆಯಲ್ಲಿ ಹೇಳಿದರು. ಇನ್ನೊಬ್ಬರು ಹಳೆಯ ಕಥೆಯನ್ನು ಹಳೆಯ ಭಾಷೆಯಲ್ಲಿ ಹೇಳುತ್ತ, ಹೊಸ ಕಾಲದ ಪ್ರಶ್ನೆಗಳನ್ನು ಕೇಳಿದರು. ಅನಂತರ ಬಂದ ಕನ್ನಡ ಗದ್ಯಕ್ಕೆ ಎರಡು ದಾರಿಗಳೂ ಬೇಕಾಗಿದ್ದವು.

ಮುದ್ದಣ ಮನೋರಮೆಯರ ಸಲ್ಲಾಪವನ್ನು ಕನ್ನಡ ನಾಡಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ತಮ್ಮ ಪಠ್ಯಗಳಲ್ಲಿ ಓದಿ ನಲಿದಿದ್ದಾರೆ. ಅದನ್ನು ಓದಿದವರಿಗೆ ಮುಂದೆ ಯಾವ ಕಥೆಯನ್ನು ಕೇಳುವಾಗಲೂ ಬರಿದೆ ಹೂಂಗುಟ್ಟುವುದು ಸಾಲದೆನಿಸುತ್ತದೆ. ಇದು ಹೀಗೇಕೆ, ಈ ಮಾತಿನ ಅರ್ಥವೇನು, ಇದನ್ನು ಇನ್ನೂ ತಿಳಿಯಾಗಿ ಹೇಳಬಾರದೆ ಎಂದು ಕೇಳುವ ಹಕ್ಕು ಅವರಿಗೆ ಬರುತ್ತದೆ. ಹಾಗೆ ಕೇಳುವವರಿದ್ದಾಗಲೇ ಕಥೆಗಾರನ ವಿದ್ಯೆ ಹರಿತವಾಗುವುದು, ಭಾಷೆ ಬೆಳೆಯುವುದು. ತಮ್ಮ ಹೆಸರನ್ನು ಮರೆಸಿಕೊಂಡು ಮನೋರಮೆಯ ಮಾತನ್ನು ಉಳಿಸಿದ ಲಕ್ಷ್ಮೀನಾರಣಪ್ಪನವರು ನಮಗೆ ಬಿಟ್ಟುಹೋದ ಆಸ್ತಿ ಅದೇ.